ಅರ್ಕಾವತ್ತಿನ ಬಳಿ ಒಂದು ಕ್ಷಣ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಮನೆಯ ಊಟದ ಮೇಜು ನನ್ನ ಬರವಣಿಗೆಯ ಮೇಜಾಗುತ್ತದೆ. ಮಂಗಳೂರಿನ ಸೆಕೆ ಇನ್ನೂ ಇಳಿದಿರುವುದಿಲ್ಲ, ಮಳೆ ಹಿಡಿದಿರುವುದಿಲ್ಲ. ಫ್ಯಾನು ಹಾಕಿದರೆ ಕಾಗದ ಹಾರುತ್ತದೆ, ಆರಿಸಿದರೆ ಅಂಗೈ ಬೆವತು ಕಾಗದಕ್ಕೆ ಅಂಟುತ್ತದೆ. ಕೈಯಡಿಗೆ ಒಂದು ತುಂಡು ಒತ್ತುಕಾಗದ ಇಟ್ಟುಕೊಂಡು ಕೂರುತ್ತೇನೆ. ನಮ್ಮ ಸಭೆಯ ಶಿಕ್ಷಕರಿಗೆ, ನಮ್ಮ ಬೀದಿಯ ಶಿಕ್ಷಕರಿಗೆ, ಶಾಲೆ ಬಾಗಿಲು ತೆರೆಯುವ ಮುನ್ನ ಒಂದೊಂದು ಆಶೀರ್ವಾದದ ಕಾರ್ಡು ಬರೆಯುವುದು ಹಲವು ವರ್ಷಗಳಿಂದ ನಾನು ಪ್ರೀತಿಯಿಂದ ಮಾಡಿಕೊಂಡು ಬಂದ ಕೆಲಸ.

"ಸೆಪ್ಟೆಂಬರ್ 5ಕ್ಕೆ ಕೊಟ್ಟರೆ ಆಗದಾ?" ಎಂದು ಕೇಳುವವರಿದ್ದಾರೆ. ಶಿಕ್ಷಕರ ದಿನದಂದು ಆಡುವುದು ಆಗಿಹೋದ ಉಪಕಾರಕ್ಕೆ ಕೃತಜ್ಞತೆಯ ಮಾತು. ಆಶೀರ್ವಾದವಾದರೋ ಮುಂದಿನ ದಾರಿಗೆ ಕಟ್ಟಿಕೊಡುವ ಬುತ್ತಿ. ಬುತ್ತಿಯನ್ನು ಹೊರಡುವ ಮುಂಚೆಯೇ ಕೈಗಿಡಬೇಕು.

ಕೈಬರಹದ ಈ ಹುಚ್ಚು ನನಗೆ ಹತ್ತಿದ್ದು ಹಳೆಯ ಕಲ್ಲಚ್ಚಿನ ಪುಟಗಳ ಚಿತ್ರ ನೋಡಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಇಲ್ಲಿ ಶಾಲೆ ಕಟ್ಟಿದರು, ಅಚ್ಚುಕೂಟ ನಡೆಸಿದರು. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ' ಪತ್ರಿಕೆ ಕಲ್ಲಚ್ಚಿನಲ್ಲೇ ಬಂದದ್ದು. ಆ ದುಂಡು ಅಕ್ಷರಗಳಲ್ಲಿ ಬರೆದವರ ಕೈ ಇನ್ನೂ ಕಾಣುತ್ತದೆ.

ನನ್ನ ಬೆರಳಿಗೆ ಎಲ್ಲಕ್ಕಿಂತ ಇಷ್ಟದ ಪದ 'ಆಶೀರ್ವಾದ'. 'ಶೀ'ಯ ಗುಡಿಸನ್ನು ದುಂಡಗೆ ತಿರುಗಿಸಿ ದೀರ್ಘ ಎಳೆಯುವಾಗ ಉಸಿರೂ ಜೊತೆಗೆ ಉದ್ದವಾಗುತ್ತದೆ. ಆಮೇಲೆ 'ರ್ವಾ'. ನಾಲಿಗೆಗೆ ಮೊದಲು ಸಿಗುವುದು ರಕಾರ. ಕಾಗದದ ಮೇಲೆ ಮಾತ್ರ 'ವಾ' ಬರೆದು ಮುಗಿಸಿ, ಅದರ ಬಲಕ್ಕೆ ಅರ್ಕಾವತ್ತು ಇಡಬೇಕು. ಶಾಯಿ ತುಸು ಹೆಚ್ಚಾದರೂ ಅದರ ಸುಳಿ ಮುಚ್ಚಿಹೋಗುತ್ತದೆ. ಮೊದಲು ನುಡಿದದ್ದು ಕಡೆಗೆ ಬರಹಕ್ಕೆ ಬರುವ ಈ ಜಾಗದಲ್ಲಿ ನಿಬ್ಬನ್ನು ಮೇಲೆತ್ತಿ, ಕಾರ್ಡು ಯಾರಿಗೋ ಅವರ ಮುಖವನ್ನು ನೆನೆಯುತ್ತೇನೆ. ನನ್ನ ಪ್ರಾರ್ಥನೆ ನಡೆಯುವುದು ಅಲ್ಲಿ.

ಆರೋನನಿಗೂ ಅವನ ಮಕ್ಕಳಿಗೂ ದೇವರು ಕಲಿಸಿಕೊಟ್ಟ ಆಶೀರ್ವಾದ ಬೈಬಲಿನ ಅರಣ್ಯಕಾಂಡದ ಆರನೆಯ ಅಧ್ಯಾಯದಲ್ಲಿದೆ. ಹೀಬ್ರೂ ಮೂಲದಲ್ಲಿ ಅದು ಬರೀ 15 ಪದ. ಮೊದಲ ಸಾಲಿಗೆ ಮೂರು, ಎರಡನೆಯದಕ್ಕೆ ಐದು, ಮೂರನೆಯದಕ್ಕೆ ಏಳು. ಕೊಡುತ್ತಾ ಕೊಡುತ್ತಾ ಕೈ ಅಗಲವಾದ ಹಾಗೆ. ಇಡೀ ಜನರ ಮೇಲೆ ನುಡಿಯುವ ಮಾತಾದರೂ ಮೂಲದಲ್ಲಿ ಅದು 'ನಿನಗೆ' ಎಂದು ಒಬ್ಬೊಬ್ಬರನ್ನೇ ಮಾತಾಡಿಸುತ್ತದೆ. 1979ರಲ್ಲಿ ಯೆರೂಸಲೇಮಿನ ಕೇತೆಫ್ ಹಿನ್ನೋಮ್ ಎಂಬಲ್ಲಿ, ಹಳೆಯ ಸಮಾಧಿಯೊಂದರಲ್ಲಿ ಎರಡು ಪುಟ್ಟ ಬೆಳ್ಳಿ ಸುರುಳಿಗಳು ಸಿಕ್ಕವು. ಬಿಡಿಸಿ ನೋಡಿದರೆ ಇದೇ ಆಶೀರ್ವಾದದ ಮಾತುಗಳು. ಸುಮಾರು 2600 ವರ್ಷಗಳ ಹಿಂದೆ ಯಾರೋ ಬೆಳ್ಳಿಯ ತಗಡಿನ ಮೇಲೆ ಕೂದಲೆಳೆಯಂಥ ಅಕ್ಷರ ಕೊರೆದಿದ್ದರು. ಅವರ ತಾಳ್ಮೆ ನೆನೆದಾಗ ನನ್ನ ಬೆನ್ನುನೋವು ಮರೆಯುತ್ತದೆ.

ಬೋಧಕರಾಗುವವರು ಹೆಚ್ಚು ಕಠಿಣವಾದ ತೀರ್ಪಿಗೆ ಒಳಗಾಗುತ್ತಾರೆಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಎಚ್ಚರಿಸುತ್ತಾನೆ. ಅಷ್ಟು ಭಾರ ಹೊತ್ತವರಿಗೆ ಹೊಗಳಿಕೆ ಸಾಲದು, ಪ್ರಾರ್ಥನೆ ಬೇಕು. ಆದ್ದರಿಂದ 'ಒಳ್ಳೆಯದಾಗಲಿ' ಎಂದಷ್ಟೇ ಬರೆಯಲು ನನಗೆ ಮನಸ್ಸಾಗುವುದಿಲ್ಲ. ಮೊದಲೇ ಹೋಗಿ ಮಾತಾಡಿಸಿ ಬರುತ್ತೇನೆ. ಗಂಟಲು ಕೆಟ್ಟಿರುವ ಗಣಿತದ ಮಾಸ್ಟ್ರಿಗೆ, "ಕರ್ತನು ನಿಮ್ಮ ದನಿಯನ್ನು ಕಾಯಲಿ." ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸುವವರಿಗೆ, "ಹಿಂದಿನ ಬೆಂಚಿನ ಮಗುವೂ ನಿಮ್ಮ ಕಣ್ಣಿಗೆ ಬೀಳಲಿ."

ಹೋದ ವರ್ಷ ಒಂದನೆಯ ತರಗತಿಯ ಟೀಚರ್ ಒಬ್ಬರು ತಮ್ಮ ಚಿಂತೆ ಹೇಳಿಕೊಂಡರು. ಒಬ್ಬ ಹುಡುಗ ಮನೆಯಲ್ಲಿ ಮಾತಾಡುತ್ತಾನಂತೆ, ಶಾಲೆಯಲ್ಲಿ ತುಟಿ ಬಿಚ್ಚುವುದಿಲ್ಲ. "ಅವನ ಮೊದಲ ಮಾತು ಕೇಳುವ ಭಾಗ್ಯವನ್ನು ದೇವರು ನಿಮಗೇ ಕೊಡಲಿ" ಎಂದು ಬರೆದುಕೊಟ್ಟೆ. ಅವರು ಅದನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡರು.

ಈ ಮೇ ತಿಂಗಳಲ್ಲಿ ಅವರ ಮನೆಗೆ ಹೋದಾಗ ಕಾರ್ಡು ತಂದು ತೋರಿಸಿದರು. ಅಂಚು ಸವೆದಿತ್ತು, ಒಂದು ಮೂಲೆಯಲ್ಲಿ ಸೀಮೆಸುಣ್ಣದ ಬೆರಳಚ್ಚು.

"ಅವ ಇನ್ನೂ ಮಾತಾಡಲಿಲ್ಲ ಅಕ್ಕಾ. ಆದರೆ ಹಾಜರಿ ಕರೆಯುವಾಗ ಈಗ ಕೈ ಎತ್ತುತ್ತಾನೆ. ಈ ವರ್ಷವೂ ಅವ ನನ್ನ ಹತ್ತಿರವೇ, ಎರಡನೆಯ ತರಗತಿ. ಅದನ್ನೇ ಇನ್ನೊಮ್ಮೆ ಬರೆದುಕೊಡಿ."

ರಾತ್ರಿ ಹೊಸ ಕಾರ್ಡು ತೆಗೆದುಕೊಂಡು ಕೂತೆ. ಮೇಲೆ 'ಆಶೀರ್ವಾದ' ಎಂದು ಬರೆಯುತ್ತಾ 'ವಾ' ಮುಗಿಸಿ ನಿಬ್ಬನ್ನು ಮೇಲೆತ್ತಿದೆ. ಟೀಚರ ಮುಖದ ಪಕ್ಕದಲ್ಲಿ ಒಂದು ಪುಟ್ಟ ಕೈ ಮೇಲೆದ್ದದ್ದು ಕಂಡಿತು. ಸ್ವಲ್ಪ ಹೆಚ್ಚು ಹೊತ್ತು ನಿಂತು, ಅರ್ಕಾವತ್ತು ಇಟ್ಟೆ.