ಇಂಜಿನ್ ಇದೆಯಲ್ಲ, ಇನ್ನೇನು ಭಯ?

ಗ್ಲೈಡರ್ ಅಂದರೆ ಇಂಜಿನ್ ಇಲ್ಲದ ವಿಮಾನ ಅಂತಲೇ ನಾವೆಲ್ಲ ಸ್ಕೂಲಿನಲ್ಲಿ ಓದಿದ್ದು. ಕೆಲಸಕ್ಕೆ ಅಂತ ಸ್ಟುಟ್‌ಗಾರ್ಟ್‌ಗೆ ಬಂದು, ಇಲ್ಲಿನ ಒಂದು ಗ್ಲೈಡಿಂಗ್ ಕ್ಲಬ್ಬಿಗೆ ಸೇರುವವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ. ಜರ್ಮನಿಯಲ್ಲಿ ಹದಿನಾಲ್ಕು ವರ್ಷಕ್ಕೇ ಒಬ್ಬರೇ ಗ್ಲೈಡರ್ ಹಾರಿಸಬಹುದು. ಹಾಗಾಗಿ ವಾರಾಂತ್ಯ ಬಂದರೆ ಮೀಸೆ ಮೂಡದ ಹುಡುಗರಿಂದ ಎಪ್ಪತ್ತು ದಾಟಿದ ಅಜ್ಜಂದಿರವರೆಗೆ ಎಲ್ಲರೂ ಹುಲ್ಲಿನ ಮೈದಾನದಲ್ಲಿ ಹಾಜರು.

ಗ್ಲೈಡರನ್ನು ಮೇಲಕ್ಕೆ ಕಳಿಸೋಕೆ ಸಾಮಾನ್ಯವಾಗಿ ಎರಡು ದಾರಿ. ಮೈದಾನದ ಆ ತುದಿಯಲ್ಲಿರುವ ವಿಂಚ್ ಉದ್ದನೆಯ ಹಗ್ಗವನ್ನು ರಭಸದಿಂದ ಸುತ್ತಿಕೊಳ್ಳುತ್ತೆ, ಗ್ಲೈಡರ್ ಗಾಳಿಪಟದ ಹಾಗೆ ಏರುತ್ತೆ. ಇಲ್ಲವೇ ಇನ್ನೊಂದು ವಿಮಾನ ಎಳೆದುಕೊಂಡು ಹೋಗುತ್ತೆ. ಎರಡಕ್ಕೂ ಜನ ಬೇಕು, ಸರದಿ ಕಾಯಬೇಕು. ಮೂರನೆಯದು, ತಾನೇ ಏರುವ ಗ್ಲೈಡರ್. ಪೈಲಟ್ ಬೆನ್ನ ಹಿಂದೆ ಬಾಗಿಲು ತೆರೆದು, ಕಂಬದ ಮೇಲೆ ಕೂತ ಪ್ರೊಪೆಲ್ಲರ್ ಎದ್ದು ನಿಲ್ಲುತ್ತೆ. ಐನೂರು-ಆರುನೂರು ಮೀಟರ್ ಏರಿದ ಮೇಲೆ ಇಂಜಿನ್ ಆಫ್ ಮಾಡಿ, ತಣಿಯಲು ಬಿಟ್ಟು, ಪ್ರೊಪೆಲ್ಲರ್ ನೆಟ್ಟಗೆ ನಿಂತಿದೆಯಾ ಅಂತ ಪುಟ್ಟ ಕನ್ನಡಿಯಲ್ಲಿ ನೋಡಿ ಒಳಗೆ ಮಡಚಬೇಕು. ಆಮೇಲೆ ಬರೀ ಗಾಳಿಯ ಸದ್ದು. ಬಿಸಿಗಾಳಿ ಎಲ್ಲಿ ಏಳುತ್ತಿದೆ ಅಂತ ತೋರಿಸೋಕೆ ಇಲ್ಲಿನ ಕೆಂಪು ಹದ್ದುಗಳಿವೆ. ಅವು ರೆಕ್ಕೆ ಬಡಿಯದೆ ಸುತ್ತುತ್ತಿದ್ದರೆ ನಾವೂ ಹೋಗಿ ಅವುಗಳ ಜೊತೆ ಸುತ್ತುವುದು.

ನಮ್ಮ ಕ್ಲಬ್ಬಿನ ಎರಡು ಸೀಟಿನ ಗ್ಲೈಡರಿನದು ಟೂ-ಸ್ಟ್ರೋಕ್ ಇಂಜಿನ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಮೊದಲ ಸಲ ಆ ಹೊಗೆಯ ವಾಸನೆ ಮೂಗಿಗೆ ಬಡಿದಾಗ ನಾನು ಸೀದಾ ಮೈಸೂರಿಗೆ ಹೋಗಿಬಿಟ್ಟೆ. ಅಪ್ಪನ ಯೆಜ್ಡಿ! ಚಳಿಗಾಲದ ಬೆಳಗ್ಗೆ ಅದಕ್ಕೆ ಎಷ್ಟು ಕಿಕ್ ಬೇಕು ಅಂತ ಅಪ್ಪನಿಗೂ ಗೊತ್ತಿರುತ್ತಿರಲಿಲ್ಲ. ಆದರೆ ಯೆಜ್ಡಿ ಸ್ಟಾರ್ಟ್ ಆಗದಿದ್ದರೆ ಇಳಿದು ತಳ್ಳಬಹುದಿತ್ತು.

ಎಲ್ಲ ಮಾದರಿಗಳೂ ಹೀಗೇ ಅಲ್ಲ. ಶ್ಲೈಷರ್ ಕಂಪನಿಯ ಎಎಸ್‌ಎಚ್ 31 ಎಂಐನಲ್ಲಿ ವಾಂಕೆಲ್ ಇಂಜಿನ್ ಹೊಟ್ಟೆಯೊಳಗೇ ಇರುತ್ತೆ, ಪ್ರೊಪೆಲ್ಲರ್ ಮಾತ್ರ ಹೊರಬರುತ್ತೆ. ದಕ್ಷಿಣ ಆಫ್ರಿಕಾದ ಜೆಎಸ್1ಗೆ ಪುಟ್ಟ ಜೆಟ್ ಇಂಜಿನ್ ಕೂರಿಸುತ್ತಾರೆ. ಹೊರಗೆ ಬಂದರೂ ಗಾಳಿಗೆ ಅಷ್ಟೇನೂ ಅಡ್ಡಿಯಾಗಲ್ಲ, ಆದರೆ ಇಂಧನ ಕುಡಿಯೋದರಲ್ಲಿ ಭಾರಿ. ಹೆಚ್ಚಾಗಿ ಅದು ನೆಲದಿಂದ ಏರೋಕಲ್ಲ, ಮನೆ ತಲುಪೋಕೆ. ಅಮೆರಿಕದ ಬಾಬ್ ಕಾರ್ಲ್‌ಟನ್ ಮಾತ್ರ ಸಾಲ್ಟೊ ಗ್ಲೈಡರಿಗೆ ಜೆಟ್ ಹಾಕಿಕೊಂಡು ಏರ್‌ಶೋಗಳಲ್ಲಿ ಲಾಗ ಹೊಡೆದವರು.

ಗ್ಲೈಡಿಂಗ್ ಕಲಿಯುತ್ತಿದ್ದೇನೆ ಅಂದಾಗ ಅಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಈಗಿನದಕ್ಕೆ ಇಂಜಿನ್ ಇದೆ ಅಂದ ಕೂಡಲೇ, "ಹಾಗಾದ್ರೆ ಸರಿ ಬಿಡಪ್ಪ, ಇನ್ನೇನು ಭಯ" ಅಂದರು. ಅಕ್ಕಪಕ್ಕದವರಿಗೂ ಹೇಳಿಕೊಂಡು ಬಂದರು.

ನನಗೆ ಕಲಿಸುವ ಹಿರಿಯರು ಹೇಳೋದು ಇದಕ್ಕೆ ಪೂರಾ ಉಲ್ಟಾ. ಇಂಜಿನ್ ಇರೋ ಗ್ಲೈಡರಿನಲ್ಲೇ ಹೆಚ್ಚು ಎಚ್ಚರ ಬೇಕಂತೆ. ಯಾಕೆ ಅಂದರೆ, ಒಳ್ಳೆಯ ಗ್ಲೈಡರ್ ಒಂದು ಕಿಲೋಮೀಟರ್ ಎತ್ತರದಿಂದ ನಿಂತ ಗಾಳಿಯಲ್ಲಿ ನಲವತ್ತು ಕಿಲೋಮೀಟರಿಗೂ ಹೆಚ್ಚು ತೇಲುತ್ತೆ. ಅದೇ ಗ್ಲೈಡರಿನ ಪ್ರೊಪೆಲ್ಲರ್ ಹೊರಗೆ ಬಂದು, ಇಂಜಿನ್ ಸ್ಟಾರ್ಟ್ ಆಗದೇ ಹೋದರೆ? ತೆರೆದ ಕೊಡೆ ಹಿಡಿದು ಎದುರುಗಾಳಿಗೆ ಸೈಕಲ್ ತುಳಿದ ಹಾಗೆ. ತೇಲುವ ದೂರ ಮೂರರಲ್ಲೊಂದು ಭಾಗಕ್ಕೋ, ಅದಕ್ಕೂ ಕಡಿಮೆಗೋ ಕುಸಿಯುತ್ತೆ. ಅಂದರೆ ಇಂಜಿನ್ ಬೇಕು ಅಂತ ಕರೆದ ಕ್ಷಣದಿಂದಲೇ ನೀವು ಮೊದಲಿಗಿಂತ ಬೇಗ ಕೆಳಗಿಳಿಯುತ್ತಿರುತ್ತೀರಿ. ಹಾಗಾಗಿ ಅವರ ನಿಯಮ ಕಟ್ಟುನಿಟ್ಟು: ಆರುನೂರು ಮೀಟರಿಗೆ ಇಳಿಯುವ ಹೊಲ ಆರಿಸು, ನಾನೂರಕ್ಕೆ ಆ ಹೊಲದ ಮೇಲೇ ಇದ್ದುಕೊಂಡು ಇಂಜಿನ್ ತೆಗಿ, ಸ್ಟಾರ್ಟ್ ಆದರೆ ಅದು ಬೋನಸ್.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ಸ್ವೇಬಿಯನ್ ಆಲ್ಬ್ ಬೆಟ್ಟಸಾಲಿನ ಮೇಲೆ ತೆಳು ಮೋಡ ಹಬ್ಬಿ ಬಿಸಿಲು ಮಂಕಾಯಿತು. ಬಿಸಿಗಾಳಿ ಏಳುವುದೂ ನಿಂತಿತು. ಮುಂದಿನ ಸೀಟಿನಲ್ಲಿ ನಾನು, ಹಿಂದೆ ಅವರು. ಕಟಾವಾದ ಗೋಧಿ ಹೊಲವೊಂದನ್ನು ಆರಿಸಿದೆವು. ನಾನೂರಕ್ಕೆ ಇಂಜಿನ್ ಹೊರಗೆ ಬಂತು. ಸ್ಟಾರ್ಟರ್ ತಿರುಗಿತು, ಹೊತ್ತಿಕೊಳ್ಳಲಿಲ್ಲ. ಇನ್ನೊಮ್ಮೆ. ಊಹೂಂ. ಮೂರನೇ ಸಲಕ್ಕೆ ನನ್ನ ಬೆರಳು ತುಡಿಯುತ್ತಿತ್ತು. ಹಿಂದಿನಿಂದ, ಕಾಫಿಗೆ ಕರೆಯುವಷ್ಟೇ ಸಲೀಸಾಗಿ ದನಿ ಬಂತು: "ಸಾಕು. ಈಗ ಇಳಿಯೋಣ."

ಇಳಿದೆವು. ಕೂಳೆಯ ಮೇಲೆ ಗಡಗಡ ಉರುಳಿ ನಿಂತೆವು, ಅಷ್ಟೇ. ಗೆಳೆಯರು ಟ್ರೇಲರ್ ತಂದರು, ರೆಕ್ಕೆ ಬಿಚ್ಚಿ ತುಂಬುವಷ್ಟರಲ್ಲಿ ಕತ್ತಲಾಯಿತು. ಮಾರನೇ ವಾರ ತಿಳಿಯಿತು, ಎಲ್ಲೋ ಒಂದು ಕನೆಕ್ಟರ್ ಸಡಿಲವಾಗಿತ್ತಂತೆ. ಬ್ಯಾಕಪ್ ಸರ್ವರ್ ಬೇಕಾದಾಗಲೇ ಏಳದೇ ಇರೋದನ್ನು ನೋಡಿದ ನಮ್ಮ ಫೀಲ್ಡಿನವರಿಗೆ ಇದೇನೂ ಹೊಸದಲ್ಲ.

ಹೆಂಡತಿಗೆ ಆಗ ಐದು ತಿಂಗಳು. ಅವತ್ತು ರಾತ್ರಿ ಎಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡಳು. ಬಿಟ್ಟುಬಿಡು ಅಂತಾಳೆ ಅಂದುಕೊಂಡಿದ್ದೆ. ಅಂದಿದ್ದರೆ ಬಿಡುತ್ತಿದ್ದೆನೋ ಏನೋ, ಈಗಲೂ ಗೊತ್ತಿಲ್ಲ. ಅವಳು ಕೇಳಿದ್ದು ಬೇರೆ.

"ಮೂರನೇ ಸಲ ಪ್ರಯತ್ನ ಮಾಡಬೇಕು ಅನ್ನಿಸ್ತಾ?"

"ತುಂಬಾ."

"ಹಿಂದೆ ಅವರು ಇಲ್ಲದಿದ್ರೆ?"

ನಾನು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳೇ, "ಆ ನಾನೂರನ್ನ ಐನೂರು ಮಾಡ್ಕೋ. ಹಾರು" ಅಂದಳು.

ಮಾತು ಕೊಟ್ಟರೆ ಸಾಕು ಅಂದುಕೊಂಡೆ. ಸಾಲಲಿಲ್ಲ. ಅವಳೂ ಸಾಫ್ಟ್‌ವೇರಿನವಳೇ ನೋಡಿ! ಗ್ಲೈಡರಿನ ಲಾಗರ್‌ನಲ್ಲಿ ಎತ್ತರದ ಜೊತೆ ಇಂಜಿನ್ ಶಬ್ದವೂ ದಾಖಲಾಗುತ್ತೆ ಅಂತ ಎಲ್ಲಿಂದಲೋ ಪತ್ತೆ ಮಾಡಿದ್ದಾಳೆ. ಈಗ ಭಾನುವಾರ ರಾತ್ರಿ ಊಟವಾದ ಮೇಲೆ ಆ ಫೈಲ್ ಅವಳ ಲ್ಯಾಪ್‌ಟಾಪಿಗೆ ಹೋಗಬೇಕು. ಇಂಜಿನ್ ಎಲ್ಲಿ ಹೊರಬಂತು ಅಂತ ಹುಡುಕಿ, ಆ ಜಾಗದ ನೆಲದ ಎತ್ತರ ಕಳೆದು ನೋಡುತ್ತಾಳೆ. ಕಳೆದ ವಾರದ್ದು 540 ಮೀಟರ್ ಬಂತು.