ರೀಪ್ಯಾಕ್ ಗುಡ್ಡವೂ ಎರಡು ಚಮಚ ಎಣ್ಣೆಯೂ

ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣದಿಂದ ಉತ್ತರಾಭಿಮುಖವಾಗಿ ಹೊರಟು, 1937ರಲ್ಲಿ ಸಂಚಾರಕ್ಕೆ ತೆರೆದ ಗೋಲ್ಡನ್ ಗೇಟ್ ಸೇತುವೆಯನ್ನು ದಾಟಿದರೆ ಮರಿನ್ ಎಂಬ ಜಿಲ್ಲೆಯು ದೊರೆಯುವುದು. ಅಲ್ಲಿನ ಟ್ಯಾಮಲ್‌ಪಾಯಸ್ ಪರ್ವತಕ್ಕೆ ಉತ್ತರದಲ್ಲಿ, ಗುಡ್ಡಗಳ ನಡುವೆ ಫೇರ್‌ಫ್ಯಾಕ್ಸ್ ಎಂಬ ಸಣ್ಣ ಊರಿರುವುದು. ನಾವು ಹೋದುದು ಅಕ್ಟೋಬರ್ ತಿಂಗಳಿನಲ್ಲಿ. ಆ ಸೀಮೆಯಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಾದುದರಿಂದ ಗುಡ್ಡದ ಹುಲ್ಲೆಲ್ಲವೂ ಒಣಗಿ, ಕೊಯ್ಲಿಗೆ ಬಂದ ಬತ್ತದ ಗದ್ದೆಯ ಬಣ್ಣವನ್ನು ತಾಳಿದ್ದಿತು. ದಾರಿಯ ಧೂಳಾದರೋ ಬೀಸಿದ ಹಿಟ್ಟಿನಷ್ಟು ನುಣುಪು. ಈ ಧೂಳಿನ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಬೆಟ್ಟದ ಬೈಸಿಕಲ್ಲಿನ ತವರೆಂದು ಈ ಊರಿಗೆ ಹೆಸರು. 2015ರಲ್ಲಿ ಇಲ್ಲಿ ಬೈಸಿಕಲ್ಲುಗಳ ವಸ್ತುಸಂಗ್ರಹಾಲಯವೊಂದು ತೆರೆಯಿತು. ಊರ ಹಿಂದಿನ ಗುಡ್ಡದಿಂದ ಸುಮಾರು ಎರಡು ಮೈಲಿ ದೂರದಲ್ಲಿ 1,300 ಅಡಿಗಳಷ್ಟು ಕೆಳಕ್ಕೆ ಧುಮುಕುವ ಕಚ್ಚಾ ರಸ್ತೆಯೊಂದುಂಟು. 1976ನೆಯ ಅಕ್ಟೋಬರ್ 21ರಂದು ಕೆಲವು ತರುಣರು 1930–40ರ ಕಾಲದ ಭಾರವಾದ ಹಳೆಯ ಬೈಸಿಕಲ್ಲುಗಳನ್ನು ಮೇಲಕ್ಕೆ ಸಾಗಿಸಿ ಅಲ್ಲಿಂದ ಪಂದ್ಯ ಹೂಡಿ ಇಳಿದರು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂದಿನ ಚಕ್ರದ ಗುಂಬದೊಳಗೇ ಹಿಡಿಯುವ ಬ್ರೇಕು ಅವುಗಳದು. ಕೆಳಗೆ ಬರುವಷ್ಟರಲ್ಲಿ ಗುಂಬವು ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿದ್ದಿತು. ಬಳಿಕ ಗುಂಬವನ್ನು ಬಿಚ್ಚಿ ಹೊಸ ಗ್ರೀಸನ್ನು ತುಂಬಬೇಕು. ಮತ್ತೆ ತುಂಬುವುದೆಂಬ ಅರ್ಥದ 'ರೀಪ್ಯಾಕ್' ಎಂಬ ಮಾತೇ ಆ ರಸ್ತೆಗೆ ಹೆಸರಾಗಿ ನಿಂತಿತು. ದುರಸ್ತಿಯ ಕೆಲಸದ ಹೆಸರನ್ನು ಹೊತ್ತ ರಸ್ತೆಯನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಆ ಬ್ರೇಕುಗಳ ಕಾಲವು ಮುಗಿಯಿತು. 1989ರಲ್ಲಿ ಪಾಲ್ ಟರ್ನರ್ ಎಂಬವರು ರಾಕ್‌ಶಾಕ್ಸ್ ಎಂಬ ಹೆಸರಿನಲ್ಲಿ, ಮುಂಚಕ್ರವನ್ನು ಹಿಡಿಯುವ ಫೋರ್ಕಿನ ಎರಡು ಕಾಲುಗಳೂ ಕುಗ್ಗಿ ಹಿಗ್ಗುವಂತೆ ಮಾಡಿ ಮಾರಾಟಕ್ಕೆ ತಂದರು. ಮರುವರ್ಷ ಡುರಾಂಗೋವಿನಲ್ಲಿ ನಡೆದ ಜಗತ್ಪಂದ್ಯದಲ್ಲಿ ಗ್ರೆಗ್ ಹರ್ಬೋಲ್ಡ್ ಎಂಬವರು ಅಂತಹ ಫೋರ್ಕಿನಿಂದಲೇ ಇಳಿಜಾರಿನ ಓಟವನ್ನು ಗೆದ್ದರು. ಆದರೆ ಬಿಚ್ಚಿ ತುಂಬುವ ಕೆಲಸವು ತಪ್ಪಲಿಲ್ಲ. ಹಿಂದಿನ ಚಕ್ರದಿಂದ ಮುಂದಿನದಕ್ಕೆ ಬಂದಿತು, ಅಷ್ಟೆ.

ನಮ್ಮನ್ನು ಉಳಿಸಿಕೊಂಡಿದ್ದವರು ಮೈಸೂರು ಕಡೆಯ ಸಂಸಾರಸ್ಥರು. ಅವರ ಹದಿನಾರು ವರ್ಷದ ಮಗನು ಮಾರನೆಯ ಬೆಳಗ್ಗೆ ಗೆಳೆಯರೊಡನೆ ರೀಪ್ಯಾಕ್ ಇಳಿಯುವವನಾಗಿದ್ದನು. ಎರಡು ಬೇಸಗೆಗಳಿಂದ ಅವನ ಫೋರ್ಕನ್ನು ಬಿಚ್ಚಿರಲಿಲ್ಲ. "ಚೆನ್ನಾಗಿಯೇ ಇದೆಯಲ್ಲಪ್ಪ" ಎಂದನು ಹುಡುಗ. "ಹೊರಗಿನಿಂದ ಅದು ಗೊತ್ತಾಗುವುದಿಲ್ಲ, ಮಗು. ಬಿಚ್ಚಿ ನೋಡದೆ ನಾಳೆ ಕಳುಹಿಸುವುದಿಲ್ಲ" ಎಂದರು ತಂದೆ. ಅಂಗಡಿಗೆ ಕೊಟ್ಟರೆ ಎರಡು ವಾರ ಕಾಯಬೇಕು. ಎಣ್ಣೆ, ವಾಷರುಗಳನ್ನು ಅವರು ಮೊದಲೇ ತರಿಸಿಟ್ಟಿದ್ದರು. ಸಂಜೆ ಕಾರಿನ ಕೊಟ್ಟಿಗೆಯಲ್ಲಿ ಕೆಲಸ ಆರಂಭವಾಯಿತು.

ಕತ್ತಿಗೆ ಒರೆಯಿರುವಂತೆ, ಫೋರ್ಕಿನ ಮೇಲಿನ ನಯವಾದ ಎರಡು ಕೊಳವೆಗಳು ಕೆಳಗಿನ ಎರಡು ಒರೆಗಳಲ್ಲಿ ಜಾರುತ್ತವೆ. ಒರೆಯ ಬಾಯಿಯಲ್ಲಿ ಧೂಳನ್ನು ಒರಸುವ ರಬ್ಬರಿನ ಸೀಲು. ಅದರ ಕೆಳಗೆ ಎಣ್ಣೆ ಕುಡಿದ ಸ್ಪಂಜಿನ ಉಂಗುರ. ಒಳಗಿರುವ ಎಣ್ಣೆಯಾದರೂ ಎಷ್ಟು? ಹಲವು ಮಾದರಿಗಳಲ್ಲಿ ಕಾಲಿಗೆ ಹತ್ತು ಮಿಲಿಲೀಟರು, ಎಂದರೆ ಎರಡು ಚಮಚ! ಅದು ಒಣಗಿದರೆ ಧೂಳು ಮರಳುಕಾಗದದಂತೆ ಕೊಳವೆಯ ಲೇಪವನ್ನು ಉಜ್ಜಿಹಾಕುವುದು. ಸೀಲನ್ನು ಬದಲಾಯಿಸಬಹುದು, ಹೋದ ಲೇಪವನ್ನು ಮನೆಯಲ್ಲಿ ಹಚ್ಚಲಾಗದು. ಆದುದರಿಂದಲೇ ರಾಕ್‌ಶಾಕ್ಸಿನವರು ಸವಾರಿಯ ಐವತ್ತು ಗಂಟೆಗಳಿಗೊಮ್ಮೆ ಒರೆಗಳನ್ನು ಬಿಚ್ಚಿ ತೊಳೆಯಬೇಕೆಂದು ಹೇಳುತ್ತ ಬಂದಿರುವರು.

ತಂದೆಯು ಮೊದಲು ಫೋರ್ಕಿನ ಗಾಳಿಯ ಒತ್ತಡವನ್ನು ಅಳೆದು ಬರೆದುಕೊಂಡರು; ಆಮೇಲೆ ಗಾಳಿಯನ್ನು ಪೂರ್ಣವಾಗಿ ಬಿಟ್ಟರು. ಇದನ್ನು ಮರೆತು ಬಿಚ್ಚುವುದು ಅಪಾಯಕರ. ಚಕ್ರವನ್ನೂ ಬ್ರೇಕನ್ನೂ ಕಳಚಿ, ಎಣ್ಣೆ ತಾಗದಂತೆ ದೂರ ಇರಿಸಿದರು. ಕಾಲುಗಳ ತಳದ ಬೋಲ್ಟುಗಳನ್ನು ಮೂರು ಸುತ್ತು ಸಡಿಲಿಸಿ, ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಬೋಲ್ಟು ತೆಗೆದು ಒರೆಗಳನ್ನು ಎಳೆದರು. ಬಲಗಾಲಿನಿಂದ ಬೂದಿ ಕಲಸಿದಂತಹ ಎಣ್ಣೆ ಸ್ವಲ್ಪ ಇಳಿಯಿತು. ಎಡಗಾಲಿನಿಂದ ಒಂದು ಹನಿಯೂ ಬೀಳಲಿಲ್ಲ!

ಹುಡುಗನ ಮುಖವು ಸಪ್ಪಗಾಯಿತು. ಎಡಗೊಳವೆಯಲ್ಲಿ ಗೆರೆಯೊಂದು ಮಸುಕಾಗಿ ಕಾಣುತ್ತಿದ್ದಿತು. ತಂದೆ ಅದರ ಮೇಲೆ ಉಗುರನ್ನು ಆಡಿಸಿದರು. ಉಗುರು ಎಲ್ಲಿಯೂ ತಡೆಯಲಿಲ್ಲ. ಲೇಪವು ಹೊಳಪುಗೆಟ್ಟಿದ್ದಿತೇ ಹೊರತು ಹರಿದಿರಲಿಲ್ಲ. ಇನ್ನೊಂದು ಬೇಸಗೆ ಕಳೆದಿದ್ದರೆ ಹೊಸ ಕೊಳವೆಗಳಿಗೆ ಹಣ ತೆರಬೇಕಾಗುತ್ತಿದ್ದಿತು.

ಸ್ಪಂಜಿನ ಉಂಗುರಗಳನ್ನು ತೊಳೆದು ಹೊಸ ಎಣ್ಣೆಯಲ್ಲಿ ನೆನೆಸಿದುದು ಹುಡುಗನೇ. ಒರೆಗಳ ಒಳಮೈಯನ್ನು ಎಳೆ ಬಿಡದ ಬಟ್ಟೆಯಿಂದ ಒರಸಿ, ಅರ್ಧದವರೆಗೆ ಏರಿಸಿ, ತಳದ ತೂತಿನಿಂದ ಸಿರಿಂಜಿನಲ್ಲಿ ಅಳತೆಯ ಎಣ್ಣೆ ಬಿಟ್ಟು, ಹೊಸ ವಾಷರುಗಳೊಡನೆ ಬೋಲ್ಟು ಬಿಗಿದು, ಬರೆದಿಟ್ಟಷ್ಟೇ ಗಾಳಿ ತುಂಬಿದರು. ಎಣ್ಣೆಯ ಜಾತಿಯೂ ಅಳತೆಯೂ ಬೋಲ್ಟಿನ ಬಿಗಿಯೂ ಆಯಾ ಮಾದರಿಯ ಕೈಪಿಡಿಯಂತೆ ಇರತಕ್ಕದ್ದು. ಊಹೆಗೆ ಇಲ್ಲಿ ಎಡೆಯಿಲ್ಲ. ಮಲಿನವಾದ ಎಣ್ಣೆಯು ಶೀಶೆಯೊಂದನ್ನು ಸೇರಿತು. ಅಡಿಗೆಮನೆಯಲ್ಲಿ ಯಾರೂ ತಪ್ಪು ತಿಳಿಯದಿರಲೆಂದು ಅದಕ್ಕೆ ಚೀಟಿ ಅಂಟಿಸಿದರು.

ಬೆಳಗ್ಗೆ ನಾವು ಗುಡ್ಡದ ಬುಡದಲ್ಲಿ ಕಾದಿದ್ದೆವು. ಮೊದಲು ತಿರುವಿನಲ್ಲಿ ಧೂಳೆದ್ದಿತು, ಆಮೇಲೆ ಹುಡುಗರು ಕಂಡರು. ನಮ್ಮವನು ಇಳಿದವನೇ ಬಾಗಿ ಎಡಗೊಳವೆಯನ್ನು ಮುಟ್ಟಿ ನೋಡಿದನು. ಎಣ್ಣೆಯ ತೆಳುವಾದ ಉಂಗುರವೊಂದು ಅಲ್ಲಿ ಹೊಳೆಯುತ್ತಿದ್ದಿತು. ಮನೆಗೆ ಬಂದ ಮೇಲೆ ಅವನ ತಾಯಿಯವರು, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಅಂದಿನ ತಾರೀಖಿನ ಕೆಳಗೆ "2 ಗಂಟೆ" ಎಂದು ಗುರುತು ಹಾಕಿದರು.