ಹಾಲು ಒಗ್ಗದ ಕೂಸು

ಸಾಗರದ ಆ ಮನೆಯ ಅಡುಗೆಮನೆ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇದೆ. ಅಜ್ಜಿ ಅದರಲ್ಲಿ ಹಾಲಿನ ಲೆಕ್ಕ ಬರೆಯುತ್ತಾರೆ. ಒಂದು ಲೀಟರ್ ಬಂದ ದಿನ ಒಂದು ಗೀಟು, ನೆಂಟರು ಬಂದ ದಿನ ಎರಡು ಗೀಟು. ತಿಂಗಳ ಕೊನೆಗೆ ಗೀಟು ಎಣಿಸಿ ಹಾಲಿನವನಿಗೆ ದುಡ್ಡು. ಹಾಲು, ಮೊಸರು, ತುಪ್ಪದಲ್ಲೇ ನಲವತ್ತು ವರ್ಷ ಸಂಸಾರ ಸಾಗಿಸಿದ ಅವರಿಗೆ, ಹಾಲು ಒಂದು ಕೂಸಿನ ಪ್ರಾಣಕ್ಕೇ ಸಂಚಕಾರ ತಂದೀತು ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದರು.

ಮೊಮ್ಮಗಳಿಗೆ ಆರು ತಿಂಗಳು ತುಂಬಿದಾಗ ಅನ್ನಪ್ರಾಶನವಾಯಿತು. ಅದುವರೆಗೆ ಅವಳಿಗೆ ತಾಯಿಯ ಹಾಲೊಂದೇ. ಬೆಳ್ಳಿ ಬಟ್ಟಲಿನ ಪಾಯಸವನ್ನು ಅಜ್ಜಿ ಬೆರಳ ತುದಿಯಲ್ಲಿ ಬಾಯಿಗಿಟ್ಟರು. ಹತ್ತು ನಿಮಿಷ ಕಳೆದಿರಲಿಲ್ಲ, ತುಟಿಯ ಸುತ್ತ ಕೆಂಪಗೆ ದದ್ದು. ಆಮೇಲೆ ಎದೆ, ಹೊಟ್ಟೆಯ ಮೇಲೆಲ್ಲ ಗಂದೆ. “ಪಿತ್ತ” ಎಂದರು ಒಬ್ಬರು. “ದೃಷ್ಟಿಯಾಗಿದೆ” ಎಂದರು ಇನ್ನೊಬ್ಬರು. ಅಜ್ಜಿ ದೃಷ್ಟಿ ತೆಗೆದರು, ಮುರುಗಲು ಹಣ್ಣಿನ ನೀರು ಹಚ್ಚಿದರು. ಒಂದು ತಾಸಿನಲ್ಲಿ ಗಂದೆ ಇಳಿಯಿತು. ಇಳಿಯಿತಲ್ಲ ಎಂಬ ಸಮಾಧಾನದಲ್ಲಿ, ಎದ್ದದ್ದು ಏಕೆ ಎಂದು ಕೇಳುವುದನ್ನೇ ಎಲ್ಲರೂ ಮರೆತರು.

ವಾರದ ಬಳಿಕ ರಾಗಿ ಸರಿಯನ್ನು ಹಾಲಿನಲ್ಲಿ ಕಾಯಿಸಿ ತಿನ್ನಿಸಿದರು. ಮತ್ತೆ ಗಂದೆ, ಜೊತೆಗೆ ವಾಂತಿ. ಅನುಮಾನ ರಾಗಿಯ ಮೇಲೆ ಹೋಯಿತು. “ಹಸುವಿನ ಹಾಲು ಭಾರ, ಮೇಕೆ ಹಾಲು ಕೊಡಿ” ಎಂದರು ಪಕ್ಕದ ಮನೆಯವರು. ಅದಕ್ಕೂ ವಾಂತಿ. ಕಂಗಾಲಾದ ತಂದೆ ಪೇಟೆಯ ಪ್ರಯೋಗಾಲಯವೊಂದರಲ್ಲಿ ರಕ್ತಪರೀಕ್ಷೆ ಮಾಡಿಸಿದರು. ವರದಿಯಲ್ಲಿ 14 ಪದಾರ್ಥಗಳ ಮುಂದೆ ಗುರುತು ಬಿದ್ದಿತ್ತು: ಹಾಲು, ಗೋಧಿ, ಶೇಂಗಾ, ಮೊಟ್ಟೆ, ಬದನೆ, ಬಾಳೆಹಣ್ಣು... ಅಂದಿನಿಂದ ಎಲ್ಲವೂ ಬಂದ್. ಎದೆಹಾಲು ಕೊಡುವ ತಾಯಿಯೂ ಹಾಲು, ಮೊಸರು ಬಿಟ್ಟಳು. ಅನ್ನದ ಗಂಜಿ, ಹೆಸರುಬೇಳೆ ಕಟ್ಟು ಇಷ್ಟರಲ್ಲೇ ಕೂಸಿನ ದಿನಗಳು ಕಳೆದವು. ಏಳನೆಯ ತಿಂಗಳಲ್ಲಿ 7.2 ಕಿಲೋ ಇದ್ದ ತೂಕ ಹತ್ತನೆಯ ತಿಂಗಳಲ್ಲಿ 7.3. ಅಜ್ಜಿ ಎತ್ತಿಕೊಂಡಾಗ ಪಕ್ಕೆಲುಬು ಕೈಗೆ ಸಿಗುತ್ತಿತ್ತು.

ಕೊನೆಗೆ ಶಿವಮೊಗ್ಗದ ಮಕ್ಕಳ ವೈದ್ಯರೊಬ್ಬರ ಮುಂದೆ ಮೂವರೂ ಕುಳಿತರು. ವೈದ್ಯರು ವರದಿಯನ್ನು ಬದಿಗಿಟ್ಟು ಒಂದೇ ಪ್ರಶ್ನೆ ಕೇಳಿದರು: “ಏನು ತಿಂದ ಮೇಲೆ, ಎಷ್ಟು ಹೊತ್ತಿಗೆ, ಏನಾಯಿತು?” ತಂದೆ, ತಾಯಿ ಮುಖ ಮುಖ ನೋಡಿಕೊಂಡರು. ಉತ್ತರ ಬಂದದ್ದು ಅಜ್ಜಿಯಿಂದ. “ಪಾಯಸ ತಿಂದು ಹತ್ತು ನಿಮಿಷಕ್ಕೆ ಗಂದೆ. ಹಾಲು ಹಾಕಿದ ಸರಿ ತಿಂದು ಕಾಲು ಗಂಟೆಗೆ. ಮೇಕೆ ಹಾಲು ಕುಡಿದ ಕೂಡಲೇ ವಾಂತಿ. ಬಾಳೆಹಣ್ಣು ನಾಲ್ಕು ಸಲ ತಿಂದಿತ್ತು, ಏನೂ ಆಗಿರಲಿಲ್ಲ ಡಾಕ್ಟ್ರೇ.”

“ಅಮ್ಮಾ, ಈ ವರದಿಗಿಂತ ನಿಮ್ಮ ಲೆಕ್ಕ ಚೆನ್ನಾಗಿದೆ” ಎಂದರು ವೈದ್ಯರು. ಚರ್ಮದ ಪರೀಕ್ಷೆಯೂ ಅಜ್ಜಿಯ ಮಾತನ್ನೇ ಹೇಳಿತು. ಕೂಸಿಗೆ ಹಾಲಿನ ಅಲರ್ಜಿ.

‘ಅಲರ್ಜಿ’ ಎಂಬ ಪದವನ್ನು 1906ರಲ್ಲಿ ಮೊದಲು ಬಳಸಿದವರೂ ಮಕ್ಕಳ ವೈದ್ಯರೇ, ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ. ನಮ್ಮ ಮನೆಗಳಲ್ಲಿ ಅದಕ್ಕೆ ‘ಒಗ್ಗುವುದಿಲ್ಲ’ ಎಂಬ ಮಾತಿದೆ. ಆದರೆ ಆ ಮಾತಿನೊಳಗೆ ಅಜೀರ್ಣ, ಶೀತ, ಉಷ್ಣ, ನಂಜು ಎಲ್ಲವೂ ಸೇರಿಕೊಂಡಿವೆ. ಹಾಲಿನ ಸಕ್ಕರೆ ಜೀರ್ಣವಾಗದೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವುದು ಒಂದು ತೊಂದರೆ. ಹಾಲಿನ ಪ್ರೋಟೀನನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರುವೆಂದು ತಪ್ಪು ತಿಳಿದು ಅದರ ಮೇಲೆ ಬೀಳುವುದು ಬೇರೆಯೇ ತೊಂದರೆ. ಎರಡನೆಯದೇ ಅಲರ್ಜಿ. ಹಸು, ಎಮ್ಮೆ, ಮೇಕೆಗಳ ಹಾಲಿನ ಪ್ರೋಟೀನುಗಳು ಒಂದನ್ನೊಂದು ಬಹಳ ಹೋಲುವುದರಿಂದ ಹಾಲು ಬದಲಿಸಿದರೆ ಪಾರಾಗುವಂತಿಲ್ಲ.

ಹಾಗಾದರೆ ರಕ್ತಪರೀಕ್ಷೆಯ ಆ 14 ಗುರುತುಗಳು? ಆ ಪದಾರ್ಥದ ವಿರುದ್ಧ ರಕ್ತದಲ್ಲಿ ಪ್ರತಿಕಾಯ ಇದೆ ಎಂದಷ್ಟೇ ಅವು ಹೇಳುತ್ತವೆ. ತಿಂದರೆ ತೊಂದರೆಯಾಗುತ್ತದೆ ಎಂದಲ್ಲ. ಕರ್ನಾಟಕದ ವಯಸ್ಕರ ಬಗ್ಗೆ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶೇ 26.5ರಷ್ಟು ಜನರ ರಕ್ತದಲ್ಲಿ ಯಾವುದೋ ಒಂದು ಆಹಾರದ ವಿರುದ್ಧ ಪ್ರತಿಕಾಯ ಕಂಡಿತ್ತು. ಆಹಾರದ ಅಲರ್ಜಿ ಇದ್ದಿರಬಹುದಾದವರು ಶೇ 1.2 ಮಾತ್ರ. ಕಾಗದ ನೋಡಿ ಊಟ ಬಿಡಿಸಿದರೆ ಬೆಳೆಯುವ ಮಗು ಬಡವಾಗುತ್ತದೆ.

ವೈದ್ಯರು ಹಾಲೊಂದನ್ನು ಬಿಡಿಸಿ, ಉಳಿದದ್ದನ್ನು ಒಂದೊಂದಾಗಿ, ನಡುವೆ ಕೆಲವು ದಿನ ಬಿಟ್ಟು ಕೊಡಲು ಹೇಳಿದರು. ಎದೆಹಾಲಿನಿಂದ ಕೂಸಿಗೆ ಎಂದೂ ತೊಂದರೆಯಾಗದ ಕಾರಣ ತಾಯಿ ಹಾಲು ಬಿಡಬೇಕಾಗಿಲ್ಲ ಎಂದರು. ಶೇಂಗಾದ ವಿಷಯದಲ್ಲಿ ತಾಯಿ ಹಿಂಜರಿದಳು. ಅವಳ ಭಯಕ್ಕೂ ಕಾರಣವಿತ್ತು. ಅಲರ್ಜಿಯ ಅಪಾಯವಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಶೇಂಗಾ ಬೇಡವೆಂದು 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಹೇಳಿತ್ತು. ಆ ಸಲಹೆಯನ್ನು 2008ರಲ್ಲಿ ಕೈಬಿಡಲಾಯಿತು. ಲಂಡನ್ನಿನಲ್ಲಿ ಅಂಥ 640 ಶಿಶುಗಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾದಾಗ ಮಾತೇ ತಿರುವುಮುರುವಾಯಿತು. ಚರ್ಮದ ಪರೀಕ್ಷೆಯಲ್ಲಿ ಏನೂ ಕಾಣದಿದ್ದ ಮಕ್ಕಳ ಪೈಕಿ, ಶೇಂಗಾ ತಿನ್ನದೆ ಬೆಳೆದವರಲ್ಲಿ ಶೇ 13.7 ಮಂದಿಗೆ ಐದನೆಯ ವರ್ಷದಲ್ಲಿ ಅದರ ಅಲರ್ಜಿ ಇತ್ತು. ಮೊದಲ ವರ್ಷದಿಂದಲೇ ತಿಂದವರಲ್ಲಿ ಶೇ 1.9 ಮಂದಿಗೆ ಮಾತ್ರ. ವೈದ್ಯರು ಪರೀಕ್ಷಿಸಿ, ತಮ್ಮ ಎದುರಿಗೇ ಗಂಜಿಯಲ್ಲಿ ಶೇಂಗಾ ಪುಡಿ ಕಲಸಿ ತಿನ್ನಿಸಿದರು. ಇಡೀ ಕಾಳು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಪುಡಿಯೇ ಸರಿ ಎಂದೂ ಎಚ್ಚರಿಸಿದರು.

ಆ ತಿಂಗಳಿನಿಂದ ಕ್ಯಾಲೆಂಡರಿನಲ್ಲಿ ಹಾಲಿನ ಗೀಟಿನ ಮೇಲೆ ಸಣ್ಣ ಅಕ್ಷರ ಕಾಣಿಸಿಕೊಂಡಿತು. ‘ಗೋಧಿ, ಏನೂ ಇಲ್ಲ.’ ‘ಬಾಳೆ, ಏನೂ ಇಲ್ಲ.’ ಹಾಲಿನ ಪಾತ್ರೆ, ಸೌಟು ಬೇರೆಯಾದವು. ಕೂಸು ಮೈ ತುಂಬಿಕೊಂಡಿತು.

ಆದರೆ ಅಜ್ಜಿ ಒಂದು ವಿಷಯದಲ್ಲಿ ಮಾತ್ರ ಹಠ ಹಿಡಿದಿದ್ದರು. “ಹೆಣ್ಣು ಕೂಸು. ರೋಗ ಇದೆ ಅಂತ ಊರಿಗೆಲ್ಲ ಯಾಕೆ ಸಾರಬೇಕು?” ಹಾಗಾಗಿ ನೆಂಟರಲ್ಲಿ ಯಾರಿಗೂ ಹೇಳಿರಲಿಲ್ಲ. ಹದಿನಾಲ್ಕನೆಯ ತಿಂಗಳಲ್ಲಿ ಒಂದು ಮದುವೆಗೆ ಹೋದಾಗ, ಕೂಸನ್ನು ಎತ್ತಿಕೊಂಡ ನೆಂಟರೊಬ್ಬರು ಪ್ರೀತಿಯಿಂದ ಪೇಡದ ಒಂದು ಚೂರು ಬಾಯಿಗಿಟ್ಟರು. ಐದು ನಿಮಿಷದಲ್ಲಿ ಗಂದೆ, ಮೇಲಿಂದ ಮೇಲೆ ವಾಂತಿ, ಕೆಮ್ಮು, ಸುಂಯ್‌ಗುಡುವ ಉಸಿರು. ಆಮೇಲೆ ಕೂಸು ತಾಯಿಯ ತೋಳಿನಲ್ಲಿ ಬಟ್ಟೆಯಂತೆ ಜೋತುಬಿತ್ತು. “ಅಲರ್ಜಿ ಸಿರಪ್ ಕೊಟ್ಟು ಸ್ವಲ್ಪ ನೋಡೋಣ” ಎಂದರು ಯಾರೋ. ತಾಯಿ ಕಾಯಲಿಲ್ಲ. ಗಂದೆಯ ಜೊತೆಗೆ ಉಸಿರು ಕಟ್ಟಿದರೆ, ಮಗು ಸೋತು ಬಿದ್ದರೆ ಸಿರಪ್ ಸಾಲದು, ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದೇ ಬೇಕು ಎಂದು ವೈದ್ಯರು ಹೇಳಿದ್ದು ಅವಳಿಗೆ ನೆನಪಿತ್ತು. ಆಸ್ಪತ್ರೆ ಹತ್ತಿರವೇ ಇತ್ತು. ಚುಚ್ಚುಮದ್ದು ಬಿದ್ದ ಕೆಲವೇ ನಿಮಿಷಗಳಲ್ಲಿ ಕೂಸು ಗಟ್ಟಿಯಾಗಿ ಅತ್ತಿತು. ಗಂಟೆಗಳ ಬಳಿಕ ಮತ್ತೆ ಮರುಕಳಿಸಬಹುದೆಂದು ರಾತ್ರಿಯಿಡೀ ಅಲ್ಲೇ ಇರಿಸಿಕೊಂಡರು. ಅಜ್ಜಿ ಬಾಗಿಲ ಬಳಿ ಕುಳಿತೇ ಬೆಳಗು ಮಾಡಿದರು. “ನಾನು ಬಾಯಿ ಬಿಟ್ಟು ಹೇಳಿದ್ದರೆ ಹೀಗಾಗ್ತಿರಲಿಲ್ಲ” ಎಂದಷ್ಟೇ ಸೊಸೆಗೆ ಹೇಳಿದರು. “ಈಗ ಹೇಳೋಣ ಬಿಡಿ ಅತ್ತೆ” ಎಂದಳು ಸೊಸೆ.

ಅಂದಿನಿಂದ ಅಜ್ಜಿ ಯಾರ ಮನೆಗೆ ಹೋದರೂ ಹೊಸಿಲು ದಾಟುವ ಮುಂಚೆಯೇ, “ನಮ್ಮ ಕೂಸಿಗೆ ಹಾಲು ಆಗೋದಿಲ್ಲ, ಕೈಗೆ ಏನೂ ಕೊಡಬೇಡಿ” ಎನ್ನುತ್ತಾರೆ. ಅಂಗನವಾಡಿಯ ಶಿಕ್ಷಕಿಗೂ ಹೇಳಿದ್ದಾರೆ. 2020ರ ಲೇಬಲ್ ನಿಯಮದಂತೆ ಬಿಸ್ಕತ್ತಿನ ಪೊಟ್ಟಣದ ಮೇಲೆ ಹಾಲು, ಗೋಧಿ, ಶೇಂಗಾ, ಸೋಯಾ ಇದ್ದರೆ ನಮೂದಿಸಬೇಕು. ಕನ್ನಡಕ ಏರಿಸಿಕೊಂಡು, ಆ ಸಣ್ಣ ಅಕ್ಷರವನ್ನು ಸೊಸೆಯಿಂದ ಎರಡು ಸಲ ಓದಿಸುತ್ತಾರೆ.

ಹಾಲಿನ ಅಲರ್ಜಿ ಇರುವ ಬಹುಪಾಲು ಮಕ್ಕಳು ಬೆಳೆಯುತ್ತ ಅದನ್ನು ದಾಟುತ್ತಾರೆ. ದಾಟಿದ್ದಾರೆಯೇ ಎಂದು ನೋಡುವುದು ಆಸ್ಪತ್ರೆಯಲ್ಲಿ ಆಗಬೇಕಾದ ಕೆಲಸ, ಮನೆಯಲ್ಲಿ ಅಲ್ಲ. ಕೂಸಿಗೆ ಮೂರೂವರೆ ವರ್ಷವಾದಾಗ ವೈದ್ಯರು ತಮ್ಮ ಕಣ್ಣೆದುರು, ಹಾಲು ಹಾಕಿ ಚೆನ್ನಾಗಿ ಬೇಯಿಸಿದ ಕೇಕನ್ನು ಮೊದಲು ಒಂದು ಚೂರು, ಆಮೇಲೆ ಸ್ವಲ್ಪ ಹೆಚ್ಚು, ಹೀಗೆ ತಿನ್ನಿಸಿದರು. ಹಿಟ್ಟಿನೊಡನೆ ಬೆಂದಾಗ ಹಾಲಿನ ಪ್ರೋಟೀನು ಬದಲಾಗುವುದರಿಂದ ಕೆಲವು ಮಕ್ಕಳು ಅದನ್ನು ಮೊದಲು ತಾಳಿಕೊಳ್ಳುತ್ತಾರೆ. ಮಧ್ಯಾಹ್ನದವರೆಗೆ ಎಲ್ಲರೂ ಕೂಸಿನ ತುಟಿಯನ್ನೇ ನೋಡುತ್ತ ಕುಳಿತರು. ಗಂದೆ ಏಳಲಿಲ್ಲ. ಬರಿಯ ಹಾಲಿಗೆ ಇನ್ನೂ ಕಾಯಬೇಕು ಎಂದರು ವೈದ್ಯರು.

ಅಂದು ಸಂಜೆ ಅಜ್ಜಿ ಕ್ಯಾಲೆಂಡರಿನ ಮುಂದೆ ನಿಂತರು. ಆ ದಿನದ ಚೌಕದಲ್ಲಿ ಹಾಲಿನ ಒಂದು ಗೀಟು ಇತ್ತು. ಅದರ ಮೇಲೆ ಬರೆದರು: ‘ಕೇಕು, ಏನೂ ಇಲ್ಲ.’